ಮೊಬೈಲ್ ಫೋನ್ ತಕ್ಕಡಿಯಾಗಬಲ್ಲದೇ? ತೂಕ ನೋಡುವ ದಾರಿಗಳಲ್ಲಿ ಯಾರಿಗೆ ಯಾವುದು ಸರಿ

ಬ್ರೆಡ್ ಮಾಡಲು ಹೊರಟವರಿಗೆ ಮೈದಾ 250 ಗ್ರಾಂ, ಈಸ್ಟ್ 3 ಗ್ರಾಂ ಬೇಕು. ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟವರಿಗೆ ಸೂಟ್‌ಕೇಸ್ 23 ಕೆ.ಜಿ. ದಾಟಿದೆಯೋ ಇಲ್ಲವೋ ಗೊತ್ತಾಗಬೇಕು. ಅಜ್ಜಿಯ ಕಾಲದ ಸರ ಎಷ್ಟು ಗ್ರಾಂ ಎಂದು ಅಂಗಡಿಗೆ ಹೋಗುವ ಮೊದಲೇ ತಿಳಿದಿದ್ದರೆ ಒಳ್ಳೆಯದು. ಮನೆಯಲ್ಲಿ ತಕ್ಕಡಿ ಇಲ್ಲ, ಕೈಯಲ್ಲಿ ಫೋನ್ ಇದೆ. ಪ್ಲೇ ಸ್ಟೋರ್‌ನಲ್ಲಿ ಹುಡುಕಿದರೆ ತೂಕದ ಆ್ಯಪ್‌ಗಳು ಸಾಲುಗಟ್ಟಿ ಬರುತ್ತವೆ. ಅವನ್ನು ನಂಬಬಹುದೇ, ನಾಣ್ಯ ಇಟ್ಟು ಕಡ್ಡಿ ತಕ್ಕಡಿ ಮಾಡಿಕೊಳ್ಳಬೇಕೇ, ಅಥವಾ ನಾನೂರು ರೂಪಾಯಿ ಕೊಟ್ಟು ಡಿಜಿಟಲ್ ಸ್ಕೇಲ್ ತರಬೇಕೇ?

ಮೊದಲೇ ಒಂದು ಮಾತು ಹೇಳಿಬಿಡಬೇಕು. ಈಗ ಮಾರಾಟವಾಗುವ ಯಾವ ಸಾಮಾನ್ಯ ಫೋನಿನಲ್ಲೂ ಭಾರವನ್ನು ನೇರವಾಗಿ ಅಳೆಯುವ ಸಾಧನ ಇಲ್ಲ. ಫೋನಿನಿಂದ ತೂಕ ತಿಳಿಯುವ ದಾರಿಗಳಿವೆ, ಆದರೆ ಅವೆಲ್ಲ ಸುತ್ತುದಾರಿಗಳು. ಪ್ರತಿಯೊಂದಕ್ಕೂ ತೂಕ ಗೊತ್ತಿರುವ ಇನ್ನೊಂದು ವಸ್ತು ಬೇಕು. ಅಂಥ ವಸ್ತು ಕೈಯಲ್ಲಿದ್ದರೆ ಫೋನಿಗಿಂತ ಬಟ್ಟೆ ಹ್ಯಾಂಗರ್ ಚೆನ್ನಾಗಿ ತೂಗುತ್ತದೆ. ಹೇಗೆಂದು ಮುಂದೆ ಬರೆದಿದೆ.

ಆಯ್ಕೆಗೆ ಮುಂಚೆ ಕೇಳಿಕೊಳ್ಳಬೇಕಾದ್ದು

ಎಷ್ಟು ಭಾರದ ವಸ್ತು ಎನ್ನುವುದು ಮೊದಲ ಪ್ರಶ್ನೆ. ಉಂಗುರಕ್ಕೂ ಸೂಟ್‌ಕೇಸಿಗೂ ಒಂದೇ ತಕ್ಕಡಿ ಆಗುವುದಿಲ್ಲ. 10 ಕೆ.ಜಿ. ಹೊರುವ ಅಡುಗೆಮನೆ ಸ್ಕೇಲ್ ಉಂಗುರವನ್ನು "3" ಎನ್ನಬಹುದು, "4" ಎನ್ನಬಹುದು, ಕೆಲವೊಮ್ಮೆ "0" ಎಂದೇ ಸುಮ್ಮನಿರಬಹುದು.

ಎರಡನೆಯದು, ಎಷ್ಟು ತಪ್ಪಾದರೆ ನಡೆಯುತ್ತದೆ. ಇದೇ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಯೋಚಿಸದೆ ಬಿಡುವುದೂ ಇದನ್ನೇ. ಸಾರಿನ ಬೇಳೆ 10 ಗ್ರಾಂ ಹೆಚ್ಚಾದರೆ ಏನೂ ಆಗದು. ಕೇಕಿನ ಮೈದಾದಲ್ಲಿ 10 ಗ್ರಾಂ ತಪ್ಪಾದರೂ ಸುಧಾರಿಸಬಹುದು. ಬೇಕಿಂಗ್ ಸೋಡಾದಲ್ಲಿ 3 ಗ್ರಾಂ ಹೆಚ್ಚಾದರೆ ಕೇಕ್ ತಿನ್ನಲಾಗುವುದಿಲ್ಲ. ಒಂದು ಪವನಿಗೆ, ಅಂದರೆ 8 ಗ್ರಾಂ ಚಿನ್ನಕ್ಕೆ, 1 ಗ್ರಾಂ ತಪ್ಪೆಂದರೆ ನೂರಕ್ಕೆ ಹನ್ನೆರಡೂವರೆ ತಪ್ಪು.

ಮೂರನೆಯದು, ಆ ತೂಕವನ್ನು ಬೇರೆಯವರು ಒಪ್ಪಬೇಕೇ? ನಿಮ್ಮ ಅಡುಗೆಗಾದರೆ ಯಾವುದಾದರೂ ಆದೀತು. ಚಟ್ನಿಪುಡಿ ಮಾಡಿ 200 ಗ್ರಾಂ ಎಂದು ಬರೆದು ಮಾರುವವರಿಗೆ ಕಾನೂನಿದೆ. ಕೊನೆಗೆ, ದಿನಾ ಬೇಕೋ ವರ್ಷಕ್ಕೊಮ್ಮೆಯೋ, ಎಷ್ಟು ಖರ್ಚು ಮಾಡಬಲ್ಲಿರಿ ಎಂಬುದು.

ಸ್ಕೇಲಿನ ಡಬ್ಬಿಯ ಮೇಲೆ "1 ಗ್ರಾಂ" ಎಂದಿದ್ದರೆ ಅದು 1 ಗ್ರಾಂ ಹಂತದಲ್ಲಿ ಅಂಕಿ ತೋರಿಸುತ್ತದೆ ಎಂದರ್ಥವೇ ಹೊರತು, ತೋರಿಸಿದ ಅಂಕಿ 1 ಗ್ರಾಂ ಒಳಗೆ ಸರಿಯಾಗಿದೆ ಎಂದಲ್ಲ. ದಶಮಾಂಶದ ಎರಡು ಅಂಕಿ ತೋರಿಸುವ ಆ್ಯಪ್ ಕೂಡ ನೂರು ಗ್ರಾಂ ತಪ್ಪು ಹೇಳಬಹುದು. ಒಂದೇ ವಸ್ತುವನ್ನು ಐದು ಸಲ ಎತ್ತಿ ಇಟ್ಟು ನೋಡಿ. ಐದೂ ಸಲ ಹತ್ತಿರ ಹತ್ತಿರ ಅಂಕಿ ಬರಬೇಕು. ಈ ಪರೀಕ್ಷೆಯಲ್ಲಿ ಸೋತದ್ದನ್ನು ಅಲ್ಲಿಗೇ ಕೈಬಿಡಿ.

ಫೋನಿನೊಳಗೆ ಏನಿದೆ

ಫೋನಿನಲ್ಲಿ ವೇಗೋತ್ಕರ್ಷ ತಿಳಿಯುವ ಆ್ಯಕ್ಸಿಲರೋಮೀಟರ್ ಇದೆ, ಅದರಿಂದ ಫೋನ್ ಎಷ್ಟು ವಾಲಿದೆ ಎಂದು ಗೊತ್ತಾಗುತ್ತದೆ. ತಿರುಗುವುದನ್ನು ಹೇಳುವ ಜೈರೊಸ್ಕೋಪ್, ದಿಕ್ಸೂಚಿಯ ಕೆಲಸಕ್ಕೆ ಮ್ಯಾಗ್ನೆಟೋಮೀಟರ್ ಇವೆ. ದುಬಾರಿ ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಕೂಡ ಇರುತ್ತದೆ, ಕಡಿಮೆ ಬೆಲೆಯವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ.

ಟಚ್ ಸ್ಕ್ರೀನ್ ಒತ್ತಡವನ್ನು ಗುರುತಿಸುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ಜನಕ್ಕಿದೆ. ಗಾಜಿನ ಕೆಳಗಿನ ವಿದ್ಯುತ್ ಕ್ಷೇತ್ರ ಬೆರಳು ಬಂದಾಗ ಬದಲಾಗುತ್ತದೆ, ಪರದೆ ಗುರುತಿಸುವುದು ಅಷ್ಟನ್ನೇ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳಿಗೆ "ಒತ್ತಡ" ಎಂಬ ಹೆಸರಿನ ಒಂದು ಅಂಕಿ ಸಿಗುತ್ತದೆ ನಿಜ. ಆದರೆ ಎಷ್ಟೋ ಫೋನುಗಳಲ್ಲಿ ಅದು ಬೆರಳು ಮುಟ್ಟಿದ ಜಾಗದ ಅಗಲದಿಂದ ಲೆಕ್ಕ ಹಾಕಿದ ಅಂದಾಜು. ಬೆರಳನ್ನು ಜೋರಾಗಿ ಒತ್ತಿದರೆ ಅದು ಚಪ್ಪಟೆಯಾಗುತ್ತದೆ, ಅಂಕಿ ಏರುತ್ತದೆ. ಗೋಲಿ ಚಪ್ಪಟೆಯಾಗುವುದಿಲ್ಲ. ಪ್ಲಾಸ್ಟಿಕ್ ಡಬ್ಬಿ ಇಟ್ಟರೆ ಪರದೆಗೆ ಏನೂ ಬಂದಂತೆಯೇ ಅನಿಸುವುದಿಲ್ಲ.

ಪರದೆಯ ಮೇಲೆ ಇಟ್ಟು ತೂಗುವ ಆ್ಯಪ್

"ವಸ್ತುವನ್ನು ಪರದೆಯ ಮೇಲಿಡಿ, ತೂಕ ಬರುತ್ತದೆ" ಎನ್ನುವ ಆ್ಯಪ್‌ಗಳಲ್ಲಿ ಹೆಚ್ಚಿನವು ಆಟಿಕೆ. ವಿವರಣೆಯನ್ನು ಕೊನೆಯವರೆಗೆ ಓದಿದರೆ "ತಮಾಷೆಗಾಗಿ" ಎಂಬ ಸಾಲು ಎಲ್ಲೋ ಸಿಗುತ್ತದೆ. ಜಾಹೀರಾತು ತೋರಿಸುವುದೇ ಅವುಗಳ ಉದ್ದೇಶ. ಸಂಪರ್ಕ ಸಂಖ್ಯೆ, ಲೊಕೇಶನ್, ಫೋಟೊಗಳಿಗೆ ಅನುಮತಿ ಕೇಳುವ ತೂಕದ ಆ್ಯಪನ್ನು ಕೂಡಲೇ ತೆಗೆದುಹಾಕಿ. ತೂಕಕ್ಕೂ ನಿಮ್ಮ ಫೋಟೊಗಳಿಗೂ ಯಾವ ಸಂಬಂಧವೂ ಇಲ್ಲ.

ಇದಕ್ಕೆ ಒಂದು ನಿಜವಾದ ಅಪವಾದ ಇತ್ತು. 2015ರಲ್ಲಿ ಬಂದ ಐಫೋನ್ 6ಎಸ್‌ನಲ್ಲಿ ಆ್ಯಪಲ್ 3ಡಿ ಟಚ್ ಎಂಬ ವ್ಯವಸ್ಥೆ ಅಳವಡಿಸಿತು. ಗಾಜು ಕೂದಲೆಳೆಯಷ್ಟು ಬಾಗಿದರೂ ಕೆಳಗಿನ ಸಂವೇದಕಗಳಿಗೆ ಗೊತ್ತಾಗುತ್ತಿತ್ತು. ಅದೇ ವರ್ಷ ಹುವಾವೇ ತನ್ನ ಮೇಟ್ ಎಸ್ ಫೋನಿನ ಮೇಲೆ ಕಿತ್ತಳೆ ಹಣ್ಣಿಟ್ಟು ತೂಗಿ ತೋರಿಸಿತು. ಐಫೋನಿಗೆ ಗ್ರಾವಿಟಿ ಎಂಬ ಆ್ಯಪ್ ತಯಾರಾಯಿತು, ಸುಮಾರು 385 ಗ್ರಾಂವರೆಗೆ ತೂಗುತ್ತಿತ್ತು. ಆದರೆ ಆ್ಯಪ್ ಸ್ಟೋರ್‌ನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. 3ಡಿ ಟಚ್ ಕೂಡ ಹೆಚ್ಚು ಕಾಲ ಉಳಿಯಲಿಲ್ಲ. 2018ರ ಎಕ್ಸ್‌ಆರ್‌ನಲ್ಲಿ ಅದನ್ನು ಬಿಟ್ಟರು, 2019ರ ಐಫೋನ್ 11ರಿಂದ ಪೂರ್ತಿ ಹೋಯಿತು.

ನಿಮ್ಮ ಬಳಿ 6ಎಸ್, 7, 8, ಎಕ್ಸ್ ಅಥವಾ ಎಕ್ಸ್‌ಎಸ್ ಇನ್ನೂ ಕೆಲಸ ಮಾಡುತ್ತಿದ್ದರೆ ಒತ್ತಡದ ಅಂಕಿ ತೋರಿಸುವ ವೆಬ್ ಪುಟಗಳಲ್ಲಿ ಪ್ರಯತ್ನಿಸಬಹುದು. ವಸ್ತುವನ್ನು ನೇರವಾಗಿ ಇಟ್ಟರೆ ಆಗದು. ಪರದೆಗೆ ಒಂದೇ ಕಡೆ ತಾಗುವಂತೆ ಸ್ಟೀಲ್ ಚಮಚ ಇಡಬೇಕು, ಮೊದಲು ಖಾಲಿ ಚಮಚಕ್ಕೆ ಸೊನ್ನೆ ಮಾಡಿ, ಆಮೇಲೆ ಅದರೊಳಗೆ ವಸ್ತು ಹಾಕಬೇಕು. ಚಮಚ ಎರಡು ಕಡೆ ತಾಗಿದರೆ ಅಂಕಿ ಕೆಡುತ್ತದೆ. ಪರದೆಗೆ ಟೆಂಪರ್ಡ್ ಗ್ಲಾಸ್ ಅಂಟಿಸಿದ್ದರೂ ಅಂಕಿ ಬದಲಾಗುತ್ತದೆ. ಇಷ್ಟೆಲ್ಲ ಮಾಡಿ ಸಿಗುವುದು ಕೆಲವು ಗ್ರಾಂ ಆಚೀಚೆಯ ಅಂದಾಜು. ಇನ್ನೊಂದು ಅಪಾಯವೂ ಇದೆ. ಮಣ್ಣು ಅಂಟಿದ ಶುಂಠಿ, ಮರಳಿರುವ ತರಕಾರಿ ಪರದೆಗೆ ತಾಗಿಸಬೇಡಿ. ಮರಳಿನ ಕಣ ಫೋನಿನ ಗಾಜಿಗಿಂತ ಗಟ್ಟಿ, ಒಂದೇ ಉಜ್ಜಿಗೆ ಗೀರು ಬೀಳುತ್ತದೆ.

ವಾಲಿಸುವುದು, ಚೀಲ ಊದುವುದು, ಸ್ಪ್ರಿಂಗಿಗೆ ತೂಗುಹಾಕುವುದು

ವಾಲುವಿಕೆಯ ಆ್ಯಪ್‌ಗಳು ಫೋನನ್ನು ಮೆತ್ತಗಿನ ದಿಂಬಿನ ಮೇಲೋ ಗಾಳಿ ತುಂಬಿದ ಕವರಿನ ಮೇಲೋ ಇಡಿಸಿ, ಒಂದು ತುದಿಯಲ್ಲಿ ನಾಣ್ಯ ಇಡಿಸುತ್ತವೆ. ಎಷ್ಟು ವಾಲಿತು ಎಂದು ನೋಡಿಕೊಂಡು, ನಂತರ ನಿಮ್ಮ ವಸ್ತುವಿಗೆ ಎಷ್ಟು ವಾಲಿತು ಎಂದು ಹೋಲಿಸುತ್ತವೆ. ತತ್ತ್ವ ಸರಿಯೇ. ಆದರೆ ದಿಂಬು ಒಮ್ಮೆ ಅದುಮಿದರೆ ಪೂರ್ತಿ ಮೇಲೆದ್ದು ಬರುವುದಿಲ್ಲ, ವಸ್ತುವನ್ನು ಅರ್ಧ ಸೆಂಟಿಮೀಟರ್ ಆಚೆ ಇಟ್ಟರೆ ವಾಲುವುದೂ ಬೇರೆ. ಐದು ಸಲದ ಪರೀಕ್ಷೆಯಲ್ಲಿ ಇದು ನಿಲ್ಲುವುದಿಲ್ಲ.

ಬ್ಯಾರೋಮೀಟರ್ ವಿಧಾನ ಇದಕ್ಕಿಂತ ಚೆಂದ, ಶಾಲೆಯ ಮಕ್ಕಳಿಗೆ ಮಾಡಿ ತೋರಿಸಲು ಹೇಳಿಮಾಡಿಸಿದಂತಿದೆ. ಜರ್ಮನಿಯ ಆರ್‌ಡಬ್ಲ್ಯೂಟಿಎಚ್ ಆಹೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಫೋನಿನ ಎಲ್ಲ ಸಂವೇದಕಗಳ ಅಂಕಿಗಳನ್ನೂ ಇದ್ದ ಹಾಗೇ ತೋರಿಸುತ್ತದೆ. ಅದರಲ್ಲಿ ಒತ್ತಡದ ಪ್ರಯೋಗ ತೆರೆದು, ಫೋನನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅರ್ಧಕ್ಕಿಂತ ಹೆಚ್ಚು ಗಾಳಿ ಸೇರಿಸಿ ಬಿಗಿಯಾಗಿ ಮುಚ್ಚಿ. ಮೇಲೆ 10 ಸೆಂ.ಮೀ. ಉದ್ದಗಲದ ಗಟ್ಟಿ ರಟ್ಟು ಇಡಿ. ರಟ್ಟಿನ ಪೂರ್ತಿ ಅಗಲ ಕವರಿಗೆ ತಾಗಿದ್ದರೆ 100 ಗ್ರಾಂ ಇಟ್ಟಾಗ ಒಳಗಿನ ಒತ್ತಡ ಸುಮಾರು 1 ಹೆಕ್ಟೊಪ್ಯಾಸ್ಕಲ್ ಏರುತ್ತದೆ. ಅಂದರೆ 1 ಗ್ರಾಂಗೆ ಅದರ ನೂರನೇ ಒಂದು ಭಾಗ. ಸುಮ್ಮನಿದ್ದಾಗಲೂ ಸಂವೇದಕದ ಅಂಕಿ ಹೆಚ್ಚುಕಡಿಮೆ ಅಷ್ಟೇ ಕುಣಿಯುತ್ತಿರುತ್ತದೆ. ಜೊತೆಗೆ ಜಿಪ್ಪಿನಿಂದ ಗಾಳಿ ಸೋರುತ್ತದೆ, ಫೋನ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಯಾರಾದರೂ ಬಾಗಿಲು ದೂಡಿದರೆ ಕೋಣೆಯ ಒತ್ತಡವೇ ಅಲುಗುತ್ತದೆ. ಚೆನ್ನಾಗಿ ಮಾಡಿದರೆ 200 ಗ್ರಾಂ ಸೇಬಿನ ತೂಕ 10–20 ಗ್ರಾಂ ಆಚೀಚೆ ಸಿಕ್ಕೀತು.

ಸ್ಪ್ರಿಂಗ್ ವಿಧಾನ ಫೋನಿನ ದಾರಿಗಳಲ್ಲೇ ಅತಿ ಪ್ರಾಮಾಣಿಕವಾದದ್ದು. ಸ್ಪ್ರಿಂಗಿಗೆ ಕಟ್ಟಿದ ಭಾರ ಹೆಚ್ಚಾದಷ್ಟೂ ಅದು ಮೇಲೆ ಕೆಳಗೆ ಆಡುವುದು ನಿಧಾನವಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಮೆತ್ತಗಿನ ಉದ್ದ ಸ್ಪ್ರಿಂಗಿಗೆ ಚಿಕ್ಕ ಬಟ್ಟೆಚೀಲ ಕಟ್ಟಿ, ಅದರಲ್ಲಿ ಫೋನ್ ಇಟ್ಟು, ಕೆಳಗೆ ಹಾಸಿಗೆ ಇರುವ ಕಡೆ ತೂಗುಹಾಕಿ. ಫೈಫಾಕ್ಸ್‌ನ ಸ್ಪ್ರಿಂಗ್ ಪ್ರಯೋಗ ಒಂದು ಆಟಕ್ಕೆ ಎಷ್ಟು ಸೆಕೆಂಡು ಎಂದು ಹೇಳುತ್ತದೆ. ಚೀಲ ಸೇರಿ ಫೋನ್ 200 ಗ್ರಾಂ ಇದ್ದು ಒಂದು ಆಟಕ್ಕೆ 1.00 ಸೆಕೆಂಡು ಹಿಡಿಯಿತು ಎಂದುಕೊಳ್ಳಿ. ವಸ್ತು ಸೇರಿಸಿದ ಮೇಲೆ 1.22 ಬಂತು. 1.22ನ್ನು ಅದರಿಂದಲೇ ಗುಣಿಸಿದರೆ 1.488. ಅದರಲ್ಲಿ 1 ಕಳೆದು 200ರಿಂದ ಗುಣಿಸಿದರೆ 98 ಗ್ರಾಂ. 1.22ರ ಬದಲು 1.23 ಬಂದಿದ್ದರೆ ಉತ್ತರ 103. ಸೆಕೆಂಡಿನ ನೂರನೇ ಒಂದು ಭಾಗ ತಪ್ಪಿದರೆ 5 ಗ್ರಾಂ ಹೋಯಿತು, ಅದಕ್ಕೇ ತುಂಬಾ ಹೊತ್ತು ಆಡಲು ಬಿಟ್ಟು ಸರಾಸರಿ ತೆಗೆದುಕೊಳ್ಳಬೇಕು. ಸ್ಪ್ರಿಂಗಿನ ಸ್ವಂತ ತೂಕದ ಮೂರನೇ ಒಂದು ಪಾಲನ್ನೂ ಫೋನಿನ ತೂಕಕ್ಕೆ ಸೇರಿಸಬೇಕು. ಸ್ಪ್ರಿಂಗಿನ ಬದಲು ರಬ್ಬರ್ ಬ್ಯಾಂಡ್ ಬಳಸಬೇಡಿ. ಅದು ಎಳೆದಷ್ಟಕ್ಕೆ ಸಮನಾಗಿ ಹಿಗ್ಗುವುದಿಲ್ಲ.

ಕ್ಯಾಮೆರಾದಿಂದ ತೂಕ ಹೇಳುವ ಆ್ಯಪ್‌ಗಳೂ ಇವೆ. ಚಿತ್ರದಿಂದ ಗಾತ್ರದ ಅಂದಾಜು ಸಿಗುತ್ತದೆ, ಒಳಗೆ ಎಷ್ಟು ದಟ್ಟ ಎನ್ನುವುದು ಸಿಗುವುದಿಲ್ಲ. ಹಸುವಿನ ವಿಷಯದಲ್ಲಿ ಮಾತ್ರ ಅಳತೆಯಿಂದ ತೂಕಕ್ಕೆ ಹೋಗುವ ಹಳೆಯ ಲೆಕ್ಕವೊಂದು ಕೆಲಸಕ್ಕೆ ಬರುತ್ತದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯಿಂದ ಹಿಂಭಾಗದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಟೇಪ್ ಹಿಡಿದು ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. 60 ಇಂಚು ಸುತ್ತಳತೆ, 50 ಇಂಚು ಉದ್ದ ಇದ್ದರೆ ಸುಮಾರು 273 ಕೆ.ಜಿ. ಜಂತುಹುಳದ ಔಷಧಿಗೆ ಹಸುವಿನ ತೂಕ ಎಷ್ಟೆಂದು ಪಶುವೈದ್ಯರು ಕೇಳಿದರೆ ಹೇಳಲು ಇದು ಸಾಕು. ಫೋನಿನ ಕೆಲಸ ಇಲ್ಲಿ ಕ್ಯಾಲ್ಕುಲೇಟರ್ ಅಷ್ಟೇ.

ಹ್ಯಾಂಗರ್, ಎರಡು ಬಟ್ಟಲು, ಒಂದು ಸಿರಿಂಜ್

ಖರ್ಚಿಲ್ಲದೆ ತೂಗಲೇಬೇಕು ಎನ್ನುವವರಿಗೆ ನಮ್ಮ ಸಲಹೆ ಇದು. ಅಕ್ಕಸಾಲಿಗರು ಒಂದು ಕಾಲಕ್ಕೆ ಗುಲಗಂಜಿ ಬೀಜ ಇಟ್ಟು ಚಿನ್ನ ತೂಗುತ್ತಿದ್ದದ್ದೂ ಇದೇ ತತ್ತ್ವದ ಮೇಲೆ. ತೂಕವೆಂದರೆ ಹೋಲಿಕೆ.

ಗಟ್ಟಿ ಪ್ಲಾಸ್ಟಿಕ್ ಅಥವಾ ಮರದ ಹ್ಯಾಂಗರ್ ತೆಗೆದುಕೊಳ್ಳಿ, ತುದಿಗಳಲ್ಲಿ ಕಚ್ಚು ಇರುವುದಾದರೆ ಒಳ್ಳೆಯದು. ಅದರ ಕೊಕ್ಕೆಯನ್ನು ಕಿಟಕಿ ಸರಳಿಗೆ ನೇರವಾಗಿ ಸಿಕ್ಕಿಸುವ ಬದಲು ದಪ್ಪ ದಾರದಲ್ಲಿ ಕಟ್ಟಿ ಇಳಿಬಿಡಿ. ಕೊಕ್ಕೆ ಸರಳಿಗೆ ಉಜ್ಜಿದರೆ ತಕ್ಕಡಿ ಎಲ್ಲೆಂದರಲ್ಲಿ ನಿಂತುಬಿಡುತ್ತದೆ. ಎರಡು ಒಂದೇ ಥರದ ಪೇಪರ್ ಕಪ್ಪುಗಳಿಗೆ ಮೂರು ಕಡೆ ತೂತು ಮಾಡಿ ದಾರ ಕಟ್ಟಿ ಎರಡು ತುದಿಗೆ ಹಾಕಿ. ಹಿಂದಿನ ಗೋಡೆಗೆ ಕಾಗದ ಅಂಟಿಸಿ, ಹ್ಯಾಂಗರಿನ ಒಂದು ತುದಿ ಎಲ್ಲಿ ನಿಂತಿತು ಎಂದು ಗೆರೆ ಹಾಕಿ. ಫ್ಯಾನ್ ಆರಿಸಿ.

ಹ್ಯಾಂಗರಿನ ಎರಡು ತೋಳುಗಳು ಕರಾರುವಾಕ್ಕಾಗಿ ಸಮ ಇರುವುದಿಲ್ಲ. ಅದರ ಚಿಂತೆಯೇ ಬೇಡದ ಒಂದು ಉಪಾಯ ಇದೆ. ವಸ್ತುವನ್ನೂ ಒಂದು ಖಾಲಿ ಪ್ಲಾಸ್ಟಿಕ್ ಲೋಟವನ್ನೂ ಎಡಗಡೆ ಇಡಿ. ಬಲಗಡೆಗೆ ಅಕ್ಕಿ ಸುರಿಯುತ್ತಾ ಹೋಗಿ, ತುದಿ ಗೆರೆಗೆ ಬಂದು ನಿಲ್ಲುವವರೆಗೆ. ಅಕ್ಕಿ ಎಷ್ಟೆಂದು ತಿಳಿಯಬೇಕಿಲ್ಲ. ಈಗ ವಸ್ತುವನ್ನು ಮಾತ್ರ ತೆಗೆದು, ಅದೇ ಎಡಗಡೆಯ ಲೋಟಕ್ಕೆ ಸಿರಿಂಜಿನಿಂದ ನೀರು ಬಿಡಿ. ತುದಿ ಮತ್ತೆ ಅದೇ ಗೆರೆಗೆ ಬಂದಾಗ ಎಷ್ಟು ಮಿಲಿ ಲೀಟರ್ ನೀರು ಹೋಯಿತೋ ಅಷ್ಟು ಗ್ರಾಂ ನಿಮ್ಮ ವಸ್ತು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಲೀಟರ್ ನೀರು 997 ಗ್ರಾಂ, ಆದ್ದರಿಂದ ತಪ್ಪು ಸಾವಿರಕ್ಕೆ ಮೂರು. ವಸ್ತುವೂ ನೀರೂ ಒಂದೇ ಕಡೆ, ಒಂದೇ ತೋಳಿನಲ್ಲಿ ತೂಗಿದ್ದರಿಂದ ತೋಳು ಉದ್ದವೋ ಗಿಡ್ಡವೋ ಲೆಕ್ಕಕ್ಕೇ ಬರುವುದಿಲ್ಲ. ಮೆಡಿಕಲ್ ಶಾಪಿನ 10 ಮಿ.ಲೀ. ಸಿರಿಂಜ್ ಸಾಕು, ಸೂಜಿ ಬೇಡ. ಒಳಗೆ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಿ. ನಿಧಾನವಾಗಿ ಮಾಡಿದರೆ 100 ಗ್ರಾಂ ವಸ್ತುವನ್ನು 1–2 ಗ್ರಾಂ ಒಳಗೆ ತೂಗಬಹುದು. ಯಾವ ಫೋನ್ ಆ್ಯಪೂ ಇದರ ಹತ್ತಿರ ಬರುವುದಿಲ್ಲ.

ನೀರಿನ ಬದಲು ನಾಣ್ಯವೂ ಆದೀತು, ಆದರೆ ಇಸವಿ ನೋಡಿ. 2011ರಿಂದ 2018ರವರೆಗಿನ ಹಿತ್ತಾಳೆ ಬಣ್ಣದ 5 ರೂಪಾಯಿ 6 ಗ್ರಾಂ, 2019ರ ನಂತರದ್ದು 6.74 ಗ್ರಾಂ. 10 ರೂಪಾಯಿಯ ಎರಡು ಬಣ್ಣದ ನಾಣ್ಯ ಹಳೆಯದು 7.71, ಹೊಸದು 7.74 ಗ್ರಾಂ. ಹಾಗಾಗಿ 10 ರೂಪಾಯಿ ನಾಣ್ಯವೇ ಒಳ್ಳೆಯ ತೂಕದ ಬಟ್ಟು. ಹತ್ತು ನಾಣ್ಯಕ್ಕೆ ಸುಮಾರು 77 ಗ್ರಾಂ. ತುಂಬಾ ಸವೆದದ್ದನ್ನು ಬಿಡಿ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ 500 ಗ್ರಾಂ ಎಂದು ಇಡಬೇಡಿ. ಹಾಲು ನೀರಿಗಿಂತ ಭಾರ, ಅರ್ಧ ಲೀಟರ್ ಸುಮಾರು 515 ಗ್ರಾಂ ಆಗುತ್ತದೆ.

ಇದರ ದೊಡ್ಡ ಕೊರತೆ ಸಮಯ. ಒಂದು ತೂಕಕ್ಕೆ ಹತ್ತು ನಿಮಿಷ ಬೇಕು. ವಾರಕ್ಕೆ ಮೂರು ಸಲ ಬೇಕಿಂಗ್ ಮಾಡುವವರಿಗೆ ಇದು ಆಗದ ಮಾತು.

ಡಿಜಿಟಲ್ ಸ್ಕೇಲ್: ನಾಲ್ಕು ಬಗೆ, ನಾಲ್ಕು ಕೆಲಸ

ಇವುಗಳ ಒಳಗೆ ಲೋಡ್ ಸೆಲ್ ಎಂಬ ಲೋಹದ ಪಟ್ಟಿ ಇದೆ. ಭಾರ ಬಿದ್ದಾಗ ಅದು ಬಾಗುತ್ತದೆ, ಮೇಲೆ ಅಂಟಿಸಿದ ತೆಳು ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯೇ ಅಂಕಿಯಾಗುತ್ತದೆ. ಫೋನಿನಲ್ಲಿ ಇಲ್ಲದಿರುವುದು ಈ ಪಟ್ಟಿ.

ಅಡುಗೆಮನೆಯ ಸ್ಕೇಲ್ 5 ಅಥವಾ 10 ಕೆ.ಜಿ. ಹೊರುತ್ತದೆ, 1 ಗ್ರಾಂ ಹಂತದಲ್ಲಿ ತೋರಿಸುತ್ತದೆ, ಸರಿಸುಮಾರು 300ರಿಂದ 600 ರೂಪಾಯಿಗೆ ಸಿಗುತ್ತದೆ. ಹಿಟ್ಟು, ಸಕ್ಕರೆ, ತರಕಾರಿ, ಕೊರಿಯರ್ ಪಾರ್ಸೆಲ್ ಎಲ್ಲಕ್ಕೂ ಸಾಕು. ಇದರಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಬಟ್ಟಲು ಇಟ್ಟು ಟೇರ್ ಒತ್ತಿ ಸೊನ್ನೆ ಮಾಡಿ, ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಅಂಕಿ ಸೊನ್ನೆಯಲ್ಲೇ ಕೂತಿರುತ್ತದೆ. ಸ್ಕೇಲ್ ಕೆಟ್ಟಿಲ್ಲ. ಸೊನ್ನೆಯ ಆಸುಪಾಸಿನ ಸಣ್ಣ ಬದಲಾವಣೆಯನ್ನು ಅದು ತನ್ನದೇ ಅಲುಗಾಟ ಎಂದುಕೊಂಡು ಮತ್ತೆ ಮತ್ತೆ ಸೊನ್ನೆಗೆ ತಳ್ಳುತ್ತಿರುತ್ತದೆ. ಟೇರ್ ಒತ್ತದೆ ಬಟ್ಟಲಿನ ತೂಕ ಬರೆದಿಟ್ಟುಕೊಂಡು ಆಮೇಲೆ ಕಳೆಯಿರಿ, ಇಲ್ಲವೇ ಉಪ್ಪನ್ನು ಬೇರೆ ಕಡೆ ತೆಗೆದಿಟ್ಟುಕೊಂಡು ಒಮ್ಮೆಗೇ ಸುರಿಯಿರಿ. ಒಂದೆರಡು ನಿಮಿಷ ಸುಮ್ಮನಿದ್ದರೆ ತಾನೇ ಆರಿಹೋಗುವುದು ಇನ್ನೊಂದು ಕಿರಿಕಿರಿ, ಅದುವರೆಗಿನ ತೂಕವೂ ಹೋಗುತ್ತದೆ. ಬಿಸಿ ಪಾತ್ರೆ ನೇರ ಇಡಬೇಡಿ. ಕೆಳಗೆ ಬಟ್ಟೆ ಹಾಸಬೇಡಿ. ಕಟ್ಟೆ ಸಮ ಇದೆಯೇ ಎಂದು ನೋಡಲು ಫೋನಿನ ಲೆವೆಲ್ ಆ್ಯಪ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ತೂಗುವಾಗ ಫೋನ್ ದೂರ ಇರಲಿ, ಕರೆ ಬಂದಾಗ ಅಗ್ಗದ ಸ್ಕೇಲುಗಳ ಅಂಕಿ ಕುಣಿಯುವುದುಂಟು.

ಪಾಕೆಟ್ ಸ್ಕೇಲ್ 200 ಅಥವಾ 500 ಗ್ರಾಂವರೆಗೆ, 0.01 ಗ್ರಾಂ ಹಂತ, ಬೆಲೆ ಸುಮಾರು 400ರಿಂದ 800. ಈಸ್ಟ್, ಬೇಕಿಂಗ್ ಸೋಡಾ, ಕಾಫಿಪುಡಿ, ಕೇಸರಿ, ಉಂಗುರ ಇದರ ಕೆಲಸ. ಅಡುಗೆಮನೆ ಸ್ಕೇಲಿನಲ್ಲಿ 3 ಗ್ರಾಂ ಈಸ್ಟ್ ಎಂದರೆ ನಿಜದಲ್ಲಿ ಎರಡೂವರೆಯೂ ಇರಬಹುದು, ಮೂರೂವರೆಯೂ ಇರಬಹುದು. ಇದರ ಪಟ್ಟಿ ತುಂಬಾ ತೆಳು. ಮುಚ್ಚಳ ಮುಚ್ಚುವಾಗ ತಟ್ಟೆ ಅದುಮಿದರೂ ಶಾಶ್ವತವಾಗಿ ಬಾಗಿಹೋದೀತು. ಡ್ರಾಯರಿನಲ್ಲಿ ಇದರ ಮೇಲೆ ಬೇರೆ ಸಾಮಾನು ಬೀಳದಂತೆ ಇಡಿ.

ಲಗೇಜ್ ಸ್ಕೇಲ್ ಕೊಕ್ಕೆಗೆ ತೂಗುಹಾಕಿ ಎತ್ತುವಂಥದ್ದು, 50 ಕೆ.ಜಿ.ವರೆಗೆ, 10 ಗ್ರಾಂ ಹಂತ, 300ರಿಂದ 600. ಕೈ ನಡುಗಿದರೆ ಅಂಕಿಯೂ ನಡುಗುತ್ತದೆ, ಹಾಗಾಗಿ ಬಾಗಿಲ ಹಿಡಿಯ ಮೇಲೆ ಅಡ್ಡಗೋಲು ಇಟ್ಟು ತೂಗುವುದು ಒಳ್ಳೆಯದು. ವಿಮಾನದ ಮಿತಿ 23 ಕೆ.ಜಿ. ಇದ್ದರೆ ಮನೆಯಲ್ಲಿ 22.5ಕ್ಕೆ ನಿಲ್ಲಿಸಿ. ಮನುಷ್ಯರ ತೂಕದ ಮಷೀನ್ ಮನೆಯಲ್ಲಿದ್ದರೆ ಇದನ್ನು ಕೊಳ್ಳಲೇಬೇಕಿಲ್ಲ. ಸೂಟ್‌ಕೇಸ್ ಹಿಡಿದು ಒಮ್ಮೆ, ಹಿಡಿಯದೆ ಒಮ್ಮೆ ನಿಂತು ಕಳೆದರೆ ಆಯಿತು.

ಫೋನಿಗೂ ತೂಕಕ್ಕೂ ನಿಜವಾದ ಜೋಡಿ ಸಿಗುವುದು ಬ್ಲೂಟೂತ್ ಇರುವ ಬಾತ್‌ರೂಮ್ ಸ್ಕೇಲಿನಲ್ಲಿ. ತೂಗುವುದು ಲೋಡ್ ಸೆಲ್, ಬರೆದಿಡುವುದು ಫೋನ್. ಬೆಲೆ ಸಾವಿರದಿಂದ ಎರಡೂವರೆ ಸಾವಿರದ ಸುಮಾರು. ತೂಕ ಇಳಿಸುತ್ತಿರುವವರಿಗೆ ತಿಂಗಳುಗಟ್ಟಲೆ ದಾಖಲೆ ತಾನಾಗಿ ಉಳಿಯುತ್ತದೆ. ಅದು ಹೇಳುವ ಕೊಬ್ಬಿನ ಪ್ರಮಾಣ ಮಾತ್ರ ಪಾದದಿಂದ ಸಣ್ಣ ವಿದ್ಯುತ್ ಹರಿಸಿ ಮಾಡಿದ ಅಂದಾಜು, ನೀರು ಕುಡಿದರೆ ಬದಲಾಗುತ್ತದೆ. ಪೇಸ್‌ಮೇಕರ್ ಇರುವವರು ಈ ಬಗೆಯದನ್ನು ಬಳಸಬಾರದು.

ಇನ್ನೊಂದು ಸಣ್ಣ ವಿಷಯ. ಲೋಡ್ ಸೆಲ್ ಅಳೆಯುವುದು ಭೂಮಿ ಎಳೆಯುವ ಬಲವನ್ನು. ಆ ಎಳೆತ ಎಲ್ಲ ಕಡೆ ಒಂದೇ ಅಲ್ಲ. ಯೂರೋಪಿನಲ್ಲಿ ಸುಮಾರು 9.81 ಮೀ/ಸೆ², ಬೆಂಗಳೂರಿನಲ್ಲಿ 9.78. ಅಲ್ಲಿ ಸರಿಮಾಡಿದ ಸ್ಕೇಲನ್ನು ಇಲ್ಲಿಗೆ ತಂದರೆ 1 ಕೆ.ಜಿ.ಗೆ ಸುಮಾರು 3 ಗ್ರಾಂ ಕಡಿಮೆ ತೋರಿಸುತ್ತದೆ. ಅಡುಗೆಗೆ ಇದು ಲೆಕ್ಕಕ್ಕಿಲ್ಲ, ಚಿನ್ನಕ್ಕೆ ಇದೆ. ಎರಡು ತಟ್ಟೆಯ ತಕ್ಕಡಿಗೆ ಈ ತೊಂದರೆ ಇಲ್ಲ, ಎಳೆತ ಎರಡು ಕಡೆಗೂ ಒಂದೇ.

ಮಾರುವ ತೂಕ, ಚಿನ್ನದ ತೂಕ, ಮಗುವಿನ ತೂಕ

ಮನೆಯಲ್ಲಿ ಹಪ್ಪಳ, ಚಟ್ನಿಪುಡಿ, ಚಕ್ಕುಲಿ ಮಾಡಿ ತೂಕ ಬರೆದು ಮಾರುವವರು ಅಡುಗೆಮನೆ ಸ್ಕೇಲನ್ನು ಅದಕ್ಕೆ ಬಳಸುವಂತಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಪ್ರಕಾರ ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಇಲಾಖೆಯ ಪರಿಶೀಲನೆ, ಮುದ್ರೆ ಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ, ತೂಕದ ಬಟ್ಟು ಮತ್ತು ಎರಡು ತಟ್ಟೆಯ ತಕ್ಕಡಿಗೆ 24 ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು. ಮುದ್ರೆ ಹಾಕಿಸಬಹುದಾದ ತಕ್ಕಡಿ ಅಡುಗೆಮನೆಯದಕ್ಕಿಂತ ಹಲವು ಪಟ್ಟು ದುಬಾರಿ. ಆದರೂ ಮಾರುವವರು ಮೊದಲ ದಿನವೇ ಅದಕ್ಕೆ ಹಣ ಹಾಕುವುದು ಲೇಸು. ಕೊಳ್ಳುವವರಿಗೂ ಇದೇ ಮುದ್ರೆ ಆಧಾರ. ಅಂಗಡಿಯಲ್ಲಿ ತೂಕದ ಬಗ್ಗೆ ಅನುಮಾನ ಬಂದರೆ ಫೋನ್ ಆ್ಯಪಿನ ಅಂಕಿ ತೋರಿಸಿ ವಾದ ಮಾಡಬೇಡಿ. ಮುದ್ರೆ ಯಾವ ವರ್ಷದ್ದು ಎಂದು ಕೇಳಿ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಚಿನ್ನಕ್ಕೆ ಪಾಕೆಟ್ ಸ್ಕೇಲ್ ಮನೆಯ ತಿಳಿವಳಿಕೆಗೆ ಸಾಕು. ಅಂಗಡಿಗೆ ಹೋಗುವ ಮುಂಚೆ ತೂಗಿ ಬರೆದಿಟ್ಟುಕೊಳ್ಳಿ, ಕಲ್ಲಿನ ಒಡವೆಯಾದರೆ ಕಲ್ಲಿನ ತೂಕವೂ ಸೇರಿರುತ್ತದೆ ಎಂಬುದು ನೆನಪಿರಲಿ. ಫೋನ್ ನಿಜವಾಗಿ ನೆರವಾಗುವುದು ಶುದ್ಧತೆಯ ವಿಷಯದಲ್ಲಿ. ಹಾಲ್‌ಮಾರ್ಕ್ ಒಡವೆಯ ಮೇಲೆ ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತು ಇರುತ್ತದೆ, ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಎಷ್ಟು ಕ್ಯಾರಟ್ ಎಂದು ಬರುತ್ತದೆ.

ಕೂಸಿನ ತೂಕಕ್ಕೂ, ಮಕ್ಕಳಿಗೆ ತೂಕ ನೋಡಿ ಕೊಡುವ ಔಷಧಿಗೂ ಯಾವ ಆ್ಯಪೂ ಬೇಡ, ಹ್ಯಾಂಗರೂ ಬೇಡ. ಹುಟ್ಟಿದ ಮಗು 2.5 ಕೆ.ಜಿ.ಗಿಂತ ಕಡಿಮೆಯೋ ಅಲ್ಲವೋ ಎನ್ನುವುದರ ಮೇಲೆ ಆರೈಕೆಯೇ ಬದಲಾಗುತ್ತದೆ. ಅಂಗನವಾಡಿಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಗುವಿನ ತಕ್ಕಡಿ ಇರುತ್ತದೆ, ಅಲ್ಲಿಗೇ ಹೋಗಿ.

ಅಡಿಕೆ ತೋಟದವರಿಗೆ, ಕೈತೋಟದವರಿಗೆ ಒಂದು ಮಾತು. ಶೇಕಡ 1ರ ಬೋರ್ಡೊ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಮನೆಯ ನಾಲ್ಕು ಗಿಡಕ್ಕೆ ಒಂದು ಲೀಟರ್ ಸಾಕೆಂದರೆ 10 ಗ್ರಾಂ, 10 ಗ್ರಾಂ. ಇದಕ್ಕೆ 1 ಗ್ರಾಂ ಹಂತದ ಸ್ಕೇಲ್ ಸಾಕು, ಆದರೆ ಅಡುಗೆಯದು ಬೇಡವೇ ಬೇಡ. ಹಳೆಯದೊಂದನ್ನು ತೋಟಕ್ಕೆಂದೇ ಇಟ್ಟು, ಮೇಲೆ "ವಿಷ" ಎಂದು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮೈಲುತುತ್ತವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ತೂಗಿ, ಕಬ್ಬಿಣದ ಪಾತ್ರೆಯನ್ನು ಅದು ತಿಂದುಹಾಕುತ್ತದೆ.

ಹಾಗಾದರೆ ನಿಮಗೆ ಯಾವುದು

ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳ ಜೊತೆ ಏನಾದರೂ ಮಾಡಬೇಕೆಂದಿದ್ದರೆ ಫೈಫಾಕ್ಸ್ ಮತ್ತು ಸ್ಪ್ರಿಂಗ್ ತೆಗೆದುಕೊಳ್ಳಿ, ಫೋನಿಗೆ ಅದಕ್ಕಿಂತ ಒಳ್ಳೆಯ ಬಳಕೆ ಇಲ್ಲ. ಇವತ್ತು ರಾತ್ರಿಯೇ ಒಂದು ಸಲ ತೂಗಬೇಕು, ಅಂಗಡಿ ಮುಚ್ಚಿದೆ ಎಂದರೆ ಹ್ಯಾಂಗರ್ ಮತ್ತು ಸಿರಿಂಜ್. ವಾರಕ್ಕೊಮ್ಮೆಯಾದರೂ ಅಡುಗೆಗೆ ತೂಗುವವರು ಅಡುಗೆಮನೆ ಸ್ಕೇಲ್ ತಂದುಬಿಡಿ, ಆ್ಯಪ್ ಹುಡುಕುವ ಸಮಯವೇ ಅದರ ಬೆಲೆಗಿಂತ ಹೆಚ್ಚು. ಬ್ರೆಡ್ಡು, ಕೇಕು, ಕಾಫಿಯ ಹುಚ್ಚು ಹತ್ತಿದವರಿಗೆ ಅಡುಗೆಮನೆ ಸ್ಕೇಲ್, ಪಾಕೆಟ್ ಸ್ಕೇಲ್ ಎರಡೂ ಬೇಕಾಗುತ್ತದೆ. ಒಂದೇ ಎನ್ನುವುದಾದರೆ ಅಡುಗೆಮನೆಯದನ್ನು ತನ್ನಿ, ಈಸ್ಟನ್ನು ಚಮಚದಲ್ಲಿ ಅಳೆಯಿರಿ, ಒಂದು ಟೀ ಚಮಚ ಸಮಮಟ್ಟ ಮಾಡಿದರೆ ಸುಮಾರು 3 ಗ್ರಾಂ. ಪಾಕೆಟ್ ಸ್ಕೇಲ್ ಒಂದನ್ನೇ ತಂದರೆ ಹಿಟ್ಟಿನ ಬಟ್ಟಲು ಇಟ್ಟ ಕೂಡಲೇ ಅದರ ಮಿತಿ ಮುಗಿಯುತ್ತದೆ.

ತಂದ ದಿನವೇ ಪರೀಕ್ಷಿಸಿ, ಹಿಂದಿರುಗಿಸುವ ಅವಧಿ ಮುಗಿಯಲು ಬಿಡಬೇಡಿ. ಹೊಸ ಬ್ಯಾಟರಿ ಹಾಕಿ ಐದು ನಿಮಿಷ ಬಿಡಿ. ಹತ್ತು 10 ರೂಪಾಯಿ ನಾಣ್ಯ ಇಟ್ಟು 77 ಬರುತ್ತದೆಯೇ ನೋಡಿ. ಅದೇ ನಾಣ್ಯಗಳ ಕಟ್ಟನ್ನು ತಟ್ಟೆಯ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಇಡಿ. ಮೂಲೆಯಿಂದ ಮೂಲೆಗೆ 2 ಗ್ರಾಂಗಿಂತ ಹೆಚ್ಚು ಬದಲಾದರೆ ವಾಪಸ್ ಕಳಿಸಿ. ಆಮೇಲೆ ಒಂದು ಪಾತ್ರೆ ಇಟ್ಟು ಸೊನ್ನೆ ಮಾಡಿ, ಸಿರಿಂಜಿನಿಂದ 200 ಮಿ.ಲೀ. ನೀರು ಬಿಡಿ. 198ರಿಂದ 201ರ ಒಳಗೆ ಬಂದು, ಹಾಗೇ ಒಂದು ನಿಮಿಷ ಅಲುಗದೆ ನಿಂತರೆ ಆ ಸ್ಕೇಲನ್ನು ಇಟ್ಟುಕೊಳ್ಳಿ.